ಮುರಪದವಿನ ಕೊನೆಯ ಅಧ್ಯಾಯ

ಕಳೆದ ತಿಂಗಳು ಮಣಿಪಾಲದ ಒಂದು ಅಂಗಡಿಯಲ್ಲಿ ಓದುವ ಕನ್ನಡಕ ಮಾಡಿಸಲು ಕೂತಿದ್ದೆ. ನಲವತ್ತು ದಾಟಿದ ಮೇಲೆ ಎಲ್ಲರಿಗೂ ಬೇಕಾಗುತ್ತದೆ ಸರ್, ಎಂದು ಕಣ್ಣು ಪರೀಕ್ಷಿಸಿದ ಹುಡುಗಿ ಸಮಾಧಾನ ಹೇಳುತ್ತಿದ್ದಳು. ಅಷ್ಟರಲ್ಲಿ ಒಳಗಡೆ ಗಾಜಿನ ಅಂಚು ಉಜ್ಜುವ ಯಂತ್ರ ಶುರುವಾಯಿತು. ಬಿಸಿಯಾದ ಪ್ಲಾಸ್ಟಿಕ್ಕು, ಒದ್ದೆ ಪುಡಿ, ನಿಂತ ನೀರು, ಮೂರೂ ಸೇರಿದ ಒಂದು ವಾಸನೆ ಹೊರಗೆ ಬಂತು. ಅದರ ಹಿಂದೆಯೇ ಕಾಪುವಿನ ಶೀನಣ್ಣನ ಸ್ವರ ಕಿವಿಯಲ್ಲಿ ಕೇಳಿಸಿತು ಎಂದು ಬರೆಯಲು ಕೈ ಹೋಗುತ್ತದೆ. ಕೇಳಿಸಲಿಲ್ಲ. ಆ ಸ್ವರ ಹೇಗಿತ್ತೆಂಬುದೇ ನನಗೆ ಮರೆತುಹೋಗಿದೆ ಎಂದು ಗೊತ್ತಾಯಿತು, ಅಷ್ಟೇ. ಅವರ ಮಾತಿನ ಧ್ವನಿಮುದ್ರಣ ನನ್ನ ಬಳಿ ಹನ್ನೊಂದು ಗಂಟೆಯಷ್ಟಿದೆ. ಹಾಕಿದರೆ ಗುರುತು ಸಿಗುತ್ತದೆ, ನಿಲ್ಲಿಸಿದರೆ ಮತ್ತೆ ಇಲ್ಲ.

ಶೀನಣ್ಣ ಎಂದರೆ ಶ್ರೀನಿವಾಸ. ಕಾಪು ಪೇಟೆಯಲ್ಲಿ ಅವರದು ಕನ್ನಡಕದ ಅಂಗಡಿ, ಅಂಗಡಿಯ ಹಿಂದೆಯೇ ಮನೆ. ಹಗಲಿಡೀ ಊರವರ ಕಣ್ಣಿನೆದುರು ಒಂದೊಂದೇ ಗಾಜು ಇಟ್ಟು, ಈಗ ಸರಿ ಕಾಣ್ತದೋ, ಮೊದಲಿನದ್ದು ಸರಿಯೋ ಎಂದು ಕೇಳುತ್ತಿದ್ದರು. ಮಳೆಗಾಲ ಬಂತೆಂದರೆ ಅದೇ ಮನುಷ್ಯ ಬಿಳಿ ಪಂಚೆ ಉಟ್ಟು, ಹೆಗಲಿಗೆ ಶಾಲು ಹಾಕಿ ತಾಳಮದ್ದಳೆಗೆ ಹೊರಡುತ್ತಿದ್ದರು. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿಡುವ ಆ ತಿಂಗಳುಗಳು ನಮ್ಮ ಕಡೆ ಮಾತಿನ ಕಾಲ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹಾಡುತ್ತಾರೆ. ಎದುರೆದುರು ಕೂತ ಅರ್ಥಧಾರಿಗಳು ಆ ಪದ್ಯದ ಪಾತ್ರಗಳಾಗಿ, ಬರೆದಿಟ್ಟ ಮಾತು ಒಂದೂ ಇಲ್ಲದೆ, ಅಲ್ಲಲ್ಲೇ ವಾದ ಕಟ್ಟುತ್ತಾರೆ. ಉಡುಪಿಯಿಂದ ಕಾರ್ಕಳದವರೆಗೆ ಶೀನಣ್ಣ ಕೂರದ ಸಭಾಭವನ ಇರಲಿಲ್ಲ. ದೊಡ್ಡ ಹೆಸರಿನವರಲ್ಲ. ದೊಡ್ಡ ಹೆಸರಿನವರಿಗೆ ಬಸ್ಸು ತಪ್ಪಿದಾಗ ಸಂಘಟಕರು ಫೋನು ಮಾಡುತ್ತಿದ್ದುದು ಶೀನಣ್ಣನಿಗೆ.

ನಾನು ಕಾರ್ಕಳದವನು. ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡಿ, ಎರಡು ಕಾಲೇಜುಗಳ ಕೆಲಸ ಬಿಟ್ಟು, ಮಣಿಪಾಲದಲ್ಲಿ ಬಾಡಿಗೆ ಕೋಣೆ ಹಿಡಿದು ಪಿಎಚ್.ಡಿ. ಮಾಡುತ್ತಿದ್ದೆ. ವಿಷಯ, ತಾಳಮದ್ದಳೆಯ ಪ್ರೇಕ್ಷಕರು. ನನ್ನ ಪ್ರಮೇಯ ಸರಳವಾಗಿತ್ತು. ಮಾತು ಯಾರ ಮನಸ್ಸನ್ನೂ ಬದಲಿಸುವುದಿಲ್ಲ. ತಮಗೆ ಮೊದಲೇ ಗೊತ್ತಿರುವ ತೀರ್ಮಾನವನ್ನು ಇನ್ನೊಮ್ಮೆ ಚಂದದಲ್ಲಿ ಕೇಳಿ ಮನೆಗೆ ಹೋಗಲು ಜನ ಬರುತ್ತಾರೆ. ಇದಕ್ಕೆ ಸಾಕ್ಷಿ ಕೂಡಿಸಲು ಶೀನಣ್ಣನ ಅಂಗಡಿಗೆ ಹೋದದ್ದು ಏಳು ವರ್ಷದ ಹಿಂದೆ, ಜೂನ್ ತಿಂಗಳಲ್ಲಿ. ನನ್ನ ಪ್ರಶ್ನಾವಳಿಗೆ ಅವರು ತಾಳ್ಮೆಯಿಂದ ಉತ್ತರಿಸಿದರು. ಪ್ರಮೇಯ ಹೇಳಿದಾಗ ನಕ್ಕರು. ಆ ನಗುವಿನಲ್ಲಿ ಗಾಳಿ ಹೆಚ್ಚು, ಸ್ವರ ಕಡಿಮೆ. ಬೇಸಿಗೆಯಲ್ಲಿ ಅವರ ಗಂಟಲಿಗೆ ವಿಕಿರಣ ಚಿಕಿತ್ಸೆ ಆಗಿತ್ತು. ಧ್ವನಿಪೆಟ್ಟಿಗೆಯಲ್ಲಿ ಗಡ್ಡೆ. ಕರಗಿದ ಹಾಗೆ ಕಾಣುತ್ತದೆ, ಆದರೆ ನೋಡುತ್ತಾ ಇರಬೇಕು ಎಂದಿದ್ದರಂತೆ ವೈದ್ಯರು. ಆ ಮಳೆಗಾಲ ಅವರನ್ನು ಯಾರೂ ತಾಳಮದ್ದಳೆಗೆ ಕರೆದಿರಲಿಲ್ಲ.

ನನ್ನ ಪ್ರಶ್ನೆಗಳು ಮುಗಿದ ಮೇಲೆ ಅವರು ಮೇಜಿನ ಖಾನೆಯಿಂದ ಒಂದು ದಪ್ಪ ಇಂಗ್ಲಿಷ್ ಕಾದಂಬರಿ ತೆಗೆದರು. ಸಮುದ್ರ ನೋಡಲು ಬಂದ ಯಾರೋ ವಿದ್ಯಾರ್ಥಿ ಮುರಿದ ಕನ್ನಡಕ ರಿಪೇರಿಗೆ ಕೊಟ್ಟು, ಪುಸ್ತಕವನ್ನೂ ಅಲ್ಲೇ ಮರೆತು, ಮತ್ತೆ ಬಂದಿರಲಿಲ್ಲ. ಶೀನಣ್ಣ ಡಿಕ್ಷನರಿ ಇಟ್ಟುಕೊಂಡು ಒಂದು ವರ್ಷ ಅದನ್ನು ಓದಿದ್ದರು. ಶಾಂತವಾದ ಒಂದು ನಗರ, ಅದರ ಬುಡದಲ್ಲಿ ಮಲಗಿದ್ದ ಪುರಾತನ ಶಕ್ತಿಗಳು, ಅವು ಮತ್ತೆ ಏಳುವುದು.

"ಓದಿ ಓದಿ ನಗು ಬಂತು ಮಾರಾಯ," ಎಂದರು. "ಇವರಿಗೆ ಒಂದು ಶಕ್ತಿಯನ್ನು ಎಬ್ಬಿಸ್ಲಿಕ್ಕೆ ಎಂಟುನೂರು ಪುಟ ಬೇಕು. ನಮ್ಮಲ್ಲಿ ಒಂದು ಬೋರ್‌ವೆಲ್ ತೆಗೆದರೆ ಸಾಕು."

ಅವರ ತಲೆಯಲ್ಲಿ ಆಗಲೇ ಒಂದು ನಗರ ಇತ್ತು. ಅದರ ಹೆಸರು ಮುರಪದವು. ಕೆಂಪುಕಲ್ಲಿನ ದೊಡ್ಡ ಬಯಲಿನ ಮೇಲೆ ಕಟ್ಟಿದ್ದು. ಮುನ್ನೂರು ವರ್ಷದಿಂದ ಅಲ್ಲಿ ಒಬ್ಬರ ಮೇಲೊಬ್ಬರು ಕೈ ಎತ್ತಿದ್ದಿಲ್ಲ. ಯಾಕೆಂದರೆ ಊರು ಕಟ್ಟಿದ ಹಿರಿಯರು ಅಲ್ಲಿದ್ದ ಐದು ಶಕ್ತಿಗಳನ್ನು ಮಾತಿನಲ್ಲಿ ಒಪ್ಪಿಸಿ ಮಲಗಿಸಿದ್ದರು. ಉಪ್ಪು, ಬೇರು, ಸಿಡಿಲು, ಕೆಸರು, ಮತ್ತು ಹೆಸರಿಲ್ಲದ ಒಬ್ಬ ಹಿರಿಯ. ಏನು ಹೇಳಿ ಒಪ್ಪಿಸಿದ್ದರೆಂಬುದನ್ನು ಊರು ಮರೆತಿದೆ. ನೀರಿಗಾಗಿ ಕಲ್ಲು ಕೊರೆದಾಗ ಒಂದೊಂದಾಗಿ ಅವು ಏಳುತ್ತವೆ. ಊರಿನ ಬುಗ್ಗೆ ಕಾಯುವ ಪೂವಕ್ಕ ಎಂಬ ಹೆಂಗಸು ಕತ್ತಿ ಹಿಡಿಯದೆ, ಮಂತ್ರ ಹೇಳದೆ, ಬರೀ ವಾದಿಸಿ ಅವನ್ನು ಮತ್ತೆ ಮಲಗಿಸಬೇಕು. ಇದು ಅವರ ಕಾದಂಬರಿ. ಬರೆಯಲು ಆರು ತಿಂಗಳು ಪ್ರಯತ್ನಿಸಿದ್ದರು. ನಾಲ್ಕು ಪುಟ ಆಗಿತ್ತು.

ಎದುರಿಗೆ ಜನ ಇಲ್ಲದಿದ್ದರೆ ತನಗೆ ಮಾತು ಹುಟ್ಟುವುದಿಲ್ಲ ಎಂದರು. ಹಾಗಾಗಿ ನಾನು ಎದುರು ಕೂರಬೇಕು. ಅವರು ಪೂವಕ್ಕ, ನಾನು ಏಳುವ ಶಕ್ತಿ. ವಾದವನ್ನು ನನ್ನ ಫೋನಿನಲ್ಲಿ ಹಿಡಿಯುವುದು, ಅದನ್ನು ನಾನು ಮನೆಯಲ್ಲಿ ಟೈಪು ಮಾಡುವುದು, ನಡುವಿನ ಕಥೆಯನ್ನು ಅವರು ಹೇಳಿದ ಹಾಗೆ ಸೇರಿಸುವುದು. ಕಾದಂಬರಿಯನ್ನು ಹೀಗೂ ಬರೆಯುತ್ತಾರೆಯೇ ಎಂದು ಕೇಳಿದೆ. ನಿಮ್ಮ ಯುನಿವರ್ಸಿಟಿಯಲ್ಲಿ ಬೇರೆ ಹೇಗೆ ಬರೆಯುತ್ತಾರೆ ಎಂದು ಕೇಳಿದರು. ಯಾವತ್ತು ಬರಲಿ ಎಂದು ಕೇಳಿದೆ.

ಭಾನುವಾರ ಅಂಗಡಿಗೆ ರಜೆ. ಶಟರ್ ಅರ್ಧ ಎಳೆದು, ಗಾಜಿನ ಶೋಕೇಸಿನ ಆಚೆ ಅವರು, ಈಚೆ ನಾನು ಕೂರುತ್ತಿದ್ದೆವು. ಭಾಗವತರಿಲ್ಲದ್ದಕ್ಕೆ ಅವರೇ ಬೆರಳಿನಲ್ಲಿ ಗಾಜಿನ ಮೇಲೆ ನಾಲ್ಕು ಸಲ ತಟ್ಟಿ ಶುರು ಮಾಡುವರು. ಅಲ್ಲಿಯವರೆಗೆ ತುಳುವಿನಲ್ಲಿ ನನ್ನ ಊಟ, ನನ್ನ ಮದುವೆ, ನನ್ನ ಚಪ್ಪಲಿಯ ಅವಸ್ಥೆ ಎಲ್ಲ ವಿಚಾರಿಸುತ್ತಿದ್ದವರು ಆ ನಾಲ್ಕು ಪೆಟ್ಟಿನ ಮೇಲೆ ತುಂಬಿದ ಕನ್ನಡಕ್ಕೆ ದಾಟುತ್ತಿದ್ದರು. ಬೆನ್ನು ನೆಟ್ಟಗಾಗುತ್ತಿತ್ತು. ನನ್ನ ನೆನಪಿನಲ್ಲಿ ಆ ಎಲ್ಲ ಭಾನುವಾರಗಳೂ ಮಳೆಯವು: ಮುಂದಿನ ತಗಡಿನ ಮೇಲೆ ಸುರಿಯುವ ಸದ್ದು, ಹೆದ್ದಾರಿಯ ಲಾರಿಗಳು ನೀರು ಸೀಳಿಕೊಂಡು ಹೋಗುವ ಸದ್ದು. ಆದರೆ ಧ್ವನಿಮುದ್ರಿಕೆಗಳನ್ನು ಕೇಳಿದರೆ ಮೂರರಲ್ಲಿ ಮಳೆಯೇ ಇಲ್ಲ. ಒಂದರಲ್ಲಿ ಕಾಗೆ ಕೂಗುತ್ತದೆ, ಯಾರೋ ಬಿಸಿಲಿನ ಬಗ್ಗೆ ಗೊಣಗುತ್ತಾರೆ. ನಾನು ಮುಂದೆ ಹೇಳಲಿರುವುದನ್ನು ಓದುವಾಗ ಇದನ್ನು ನೆನಪಿಟ್ಟುಕೊಳ್ಳಿ.

ಮೊದಲ ದಿನ ನಾನು ಉಪ್ಪು. ಒಂದೂವರೆ ಗಂಟೆ ವಾದಿಸಿದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬಹುಮಾನ ತಂದವನು ನಾನು. ಪೂವಕ್ಕ ಹೇಳಿದ ಪ್ರತಿಯೊಂದಕ್ಕೂ ನನ್ನಲ್ಲಿ ಉತ್ತರ ಇತ್ತು. ಕೊನೆಗೆ ಶೀನಣ್ಣ ಪಾತ್ರ ಬಿಟ್ಟು ಕೈ ಮುಗಿದರು.

"ಹರೀಶ, ನೀನು ಗೆದ್ದೆ. ಈಗ ಊರು ಉಪ್ಪಲ್ಲಿ ಮುಳುಗಿತು. ಎರಡನೇ ಅಧ್ಯಾಯ ಯಾರ ಹತ್ತಿರ ಮಾಡುವುದು?"

ಆಮೇಲೆ ವಿವರಿಸಿದರು. ಪ್ರಸಂಗದಲ್ಲಿ ಯಾರು ಸೋಲಬೇಕೆಂದು ಇಬ್ಬರಿಗೂ ಗೊತ್ತಿರುತ್ತದೆ. ಸೋಲುವವನು ಸುಮ್ಮನೆ ಸೋಲಬಾರದು, ಎದುರಿನವನನ್ನು ಎಷ್ಟು ಸಾಧ್ಯವೋ ಅಷ್ಟು ಇಕ್ಕಟ್ಟಿಗೆ ತರಬೇಕು. ಆದರೆ ಕೊನೆಯ ಮಾತಿನಲ್ಲಿ ಒಂದು ದಾರಿ ಬಿಡಬೇಕು. ಒಂದು ಹೋಲಿಕೆಯೋ, ಒಂದು ಹಳೆಯ ಋಣದ ನೆನಪೋ, ಎದುರಿನವನು ಕೈ ಹಾಕಿ ಎಳೆಯಬಹುದಾದ ಒಂದು ಎಳೆ. ಕೇಳುವವರಿಗೆ ಅದು ಬಿಟ್ಟದ್ದೆಂದು ಗೊತ್ತಾಗಬಾರದು. ದಾರಿ ಬಿಡಲು ಬಾರದವನನ್ನು ಯಾರೂ ಎರಡನೇ ಸಲ ಎದುರು ಕೂರಿಸಿಕೊಳ್ಳುವುದಿಲ್ಲ. ಇದು ನನ್ನ ಪ್ರಮೇಯಕ್ಕೆ ಒಳ್ಳೆಯ ಸಾಕ್ಷಿ ಎಂದು ಬರೆದುಕೊಂಡೆ. ಮುಂದಿನ ವಾರ ಉಪ್ಪನ್ನು ಮತ್ತೆ ಎಬ್ಬಿಸಿ, ಕೊನೆಗೆ ಕಣ್ಣೀರಿನ ಮಾತು ತಂದು ದಾರಿ ಬಿಟ್ಟೆ. ಪೂವಕ್ಕ ಆ ಎಳೆ ಹಿಡಿದು ಹದಿನೈದು ನಿಮಿಷ ಮಾತಾಡಿದಳು. ಉಪ್ಪು ಮಲಗಿತು. ಶೋಕೇಸಿನ ಆಚೆ ಕೂತಿದ್ದ ಮುದಿ ಗಂಡಸು, ಸವೆದ ಬನಿಯನ್ನು, ಕುತ್ತಿಗೆಯಲ್ಲಿ ವಿಕಿರಣ ಸುಟ್ಟ ಕಪ್ಪು ಕಲೆ. ಆದರೂ ಅಲ್ಲಿ ಒಬ್ಬ ಹೆಂಗಸು ನಿಂತು ಮಾತಾಡಿದ್ದಳು. ಇದನ್ನು ನನ್ನ ಪ್ರಮೇಯದಲ್ಲಿ ಎಲ್ಲಿ ಇಡುವುದೆಂದು ತಿಳಿಯಲಿಲ್ಲ, ಬರೆದುಕೊಳ್ಳಲಿಲ್ಲ.

ನಮಗೆ ಒಬ್ಬ ಪ್ರೇಕ್ಷಕನೂ ಇದ್ದ. ಪಕ್ಕದ ಕಟ್ಟಡಕ್ಕೆ ಮಾಳಿಗೆ ಏರಿಸುತ್ತಿದ್ದ ಗಾರೆ ಕೆಲಸದ ಮಲ್ಲಪ್ಪ, ಗದಗದ ಕಡೆಯವನು. ಮಳೆಯಿಂದ ಕೆಲಸ ನಿಂತಾಗ ನಮ್ಮ ಶಟರಿನ ಕೆಳಗೆ ಬಂದು ಕುಕ್ಕರುಗಾಲಲ್ಲಿ ಕೂರುತ್ತಿದ್ದ. ಅವನ ಸಹಾನುಭೂತಿ ಯಾವತ್ತೂ ನನ್ನ ಕಡೆ, ಅಂದರೆ ಶಕ್ತಿಗಳ ಕಡೆ. "ಪಾಪ, ಎಷ್ಟ್ ದಿನಾ ಅಂತ ಮಲಗ್ತಾವ್ರಿ ಅವು. ಊರ ಹೊರಗ ಒಂದ್ ಮನಿ ಕಟ್ಟಿ ಕೊಡ್ರಿ, ಇರತಾವ," ಎಂದು ಒಮ್ಮೆ ಹೇಳಿದ. ಶೀನಣ್ಣನಿಗೆ ಅದು ಎಷ್ಟು ಇಷ್ಟವಾಯಿತೆಂದರೆ ಬೇರನ್ನು ಹಾಗೆಯೇ ಒಪ್ಪಿಸಿದರು. ಮುರಪದವಿನ ಹೊರಗೆ ಬೇರಿಗೊಂದು ಛಾವಣಿಯಿಲ್ಲದ ಮನೆ ಆಯಿತು. ಅಳತೆ ಮಲ್ಲಪ್ಪನದು.

ಶೀನಣ್ಣನ ಹೆಂಡತಿ ಸುಮತಕ್ಕ ನಮ್ಮ ಈ ಆಟವನ್ನು ಒಪ್ಪಿರಲಿಲ್ಲ. ಅವರು ಮಟ್ಟುವಿನವರು, ಗುಳ್ಳ ಬದನೆ ಬೆಳೆಯುವ ಮನೆಯಲ್ಲಿ ಹುಟ್ಟಿದವರಿಗೆ ಮಾತಿಗಿಂತ ಕೆಲಸದ ಮೇಲೆ ನಂಬಿಕೆ ಜಾಸ್ತಿ. ಗಂಟಲಿಗೆ ವಿಶ್ರಾಂತಿ ಕೊಡಿ ಎಂದು ಡಾಕ್ಟರು ಹೇಳಿದ್ದಲ್ವಾ ಎಂದು ಒಳಬಾಗಿಲಲ್ಲಿ ನಿಂತು ನನ್ನನ್ನೇ ನೋಡಿ ಕೇಳುತ್ತಿದ್ದರು. ಶೀನಣ್ಣ, ನಾನು ಮಾತಾಡುವುದಿಲ್ಲ ಮಾರಾಯ್ತಿ, ಮಾತಾಡುವುದು ಪೂವಕ್ಕ ಎಂದು ಉತ್ತರಿಸುವರು. ಹಾಗಾದರೆ ಪೂವಕ್ಕನಿಗೇ ಗಂಜಿ ಬಡಿಸುತ್ತೇನೆ ಎಂದು ಸುಮತಕ್ಕ ಒಳಗೆ ಹೋಗುವರು. ಸ್ವಲ್ಪ ಹೊತ್ತಿಗೆ ನಮ್ಮಿಬ್ಬರಿಗೂ ಚಾ ಬರುತ್ತಿತ್ತು, ಮಲ್ಲಪ್ಪನಿಗೂ.

ಜುಲೈ ಕೊನೆಗೆ ಸಿಡಿಲನ್ನು ಮಲಗಿಸುವ ಹೊತ್ತಿಗೆ ಸ್ವರ ಒಡೆಯತೊಡಗಿತು. ವಾಕ್ಯದ ನಡುವೆ ಮಾತು ಗಾಳಿಯಾಗಿ ಹೋಗಿ, ಎರಡು ಶಬ್ದ ಬಿಟ್ಟು ಮತ್ತೆ ಹುಟ್ಟುತ್ತಿತ್ತು. ಪರೀಕ್ಷೆಗೆ ಹೋಗುವಾಗ ಜೊತೆಗೆ ನಾನೂ ಹೋದೆ, ಅವರಿಗೆ ಮಕ್ಕಳಿರಲಿಲ್ಲ. ಗಡ್ಡೆ ಕರಗಿರಲಿಲ್ಲ. ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಯಬೇಕು, ಕುತ್ತಿಗೆಯಲ್ಲಿ ಉಸಿರಿಗೆ ಒಂದು ತೂತು ಇರುತ್ತದೆ, ಈಗಿನ ಸ್ವರ ಇರುವುದಿಲ್ಲ ಎಂದು ಶಸ್ತ್ರವೈದ್ಯರು ಬಿಡಿಸಿ ಹೇಳಿದರು. ಮುಂದಿನ ವಾರವೇ ಮಾಡಬಹುದು ಎಂದರು.

ಸುಮತಕ್ಕ ಅಷ್ಟು ಹೊತ್ತು ನೆಲ ನೋಡುತ್ತಿದ್ದವರು ತಲೆ ಎತ್ತಿದರು. "ಆಟಿಯಲ್ಲಿ ಬೇಡ ಡಾಕ್ಟ್ರೇ. ಆಟಿ ಕಳೆದು ಸೋಣ ಬರಲಿ."

ಆಟಿ ಎಂದರೆ ನಮ್ಮ ಕಡೆಯ ಆಷಾಢ, ಸೋಣ ಅದರ ಮುಂದಿನ ತಿಂಗಳು. ಆಟಿಯಲ್ಲಿ ಒಳ್ಳೆಯ ಕೆಲಸ ಶುರು ಮಾಡುವುದಿಲ್ಲ. ವೈದ್ಯರಿಗೆ ಈ ಮಾತು ಹೊಸದಲ್ಲ ಎಂದು ಅವರ ಮುಖ ಹೇಳುತ್ತಿತ್ತು. ಮೂರು ವಾರ ಕಾಯಬಹುದು, ಅದಕ್ಕಿಂತ ಹೆಚ್ಚು ಬೇಡ, ಬೇಗ ಮಾಡಿದಷ್ಟೂ ಒಳ್ಳೆಯದು, ನೀವೇ ಯೋಚಿಸಿ ಹೇಳಿ ಎಂದರು. ಹೊರಗೆ ಬೆಂಚಿನ ಮೇಲೆ ಕೂತಾಗ ಶೀನಣ್ಣ ನನ್ನ ಮುಖ ನೋಡಿದರು. ನಾನು ರಾಹುಕಾಲದ ಬಗ್ಗೆ ಬಸ್ಸಿನ ಕಂಡಕ್ಟರನ ಹತ್ತಿರವೂ ಜಗಳ ಮಾಡಿದವನು. ಮನೆಯಲ್ಲಿ ಆಟಿ ಅಮಾವಾಸ್ಯೆಯ ಹಾಲೆ ಮರದ ಕಷಾಯವನ್ನು ಸಾಕ್ಷ್ಯಾಧಾರ ಕೇಳಿ ಕುಡಿಯದೆ ಬಿಟ್ಟವನು. ಅವತ್ತು ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಸುಮತಕ್ಕನಿಗೆ ನನ್ನ ಓದಿನ ಬಗ್ಗೆ ಗೌರವ ಇತ್ತು, ಒಪ್ಪುತ್ತಿದ್ದರು. ನಾನು ಮನಸ್ಸಿನಲ್ಲಿ ಲೆಕ್ಕ ಹಾಕಿದೆ: ಮೂರು ವಾರ, ಇನ್ನು ಎರಡು ಶಕ್ತಿಗಳು. ಬಾಯಿ ಬಿಡಲಿಲ್ಲ. ಶೀನಣ್ಣನೂ ಅದೇ ಲೆಕ್ಕ ಹಾಕುತ್ತಿದ್ದರೆಂದು ಆಗ ನನಗೆ ಖಚಿತವಾಗಿ ಅನಿಸಿತ್ತು. ಈಗ ಆ ಖಚಿತತೆಯನ್ನೂ ನಾನು ನಂಬುವುದಿಲ್ಲ. ನನಗೆ ಅನುಕೂಲವಾದದ್ದನ್ನು ಅವರ ಮುಖದಲ್ಲಿ ಓದಿರಬಹುದು.

ಆ ಮೂರು ವಾರ ನಾನು ಭಾನುವಾರ ಮಾತ್ರವಲ್ಲ, ವಾರಕ್ಕೆ ಮೂರು ದಿನ ಹೋದೆ. ಮಣಿಪಾಲದಿಂದ ಉಡುಪಿ, ಉಡುಪಿಯಿಂದ ಕಾಪು, ಒದ್ದೆ ಸೀಟು, ಕಿಟಕಿಗೆ ಎಳೆದ ಟಾರ್ಪಾಲು. ಮಾತಾಡಿದರೆ ರೋಗ ಹೆಚ್ಚಾಗುವುದಿಲ್ಲ, ನೋವು ಹೆಚ್ಚಾಗಬಹುದು ಎಂದು ವೈದ್ಯರಿಂದ ಕೇಳಿಕೊಂಡಿದ್ದೆವು. ಆ ಅನುಮತಿಯ ಮೇಲೆ ಕೆಸರನ್ನು ಎಬ್ಬಿಸಿದೆವು. ಶೀನಣ್ಣ ಈಗ ಪಿಸುದನಿಯಲ್ಲೇ ವಾದಿಸುತ್ತಿದ್ದರು. ನಾನು ಫೋನನ್ನು ಶೋಕೇಸಿನ ಮೇಲೆ ಅವರ ಗಲ್ಲದ ಹತ್ತಿರ ಸರಿಸಿದೆ. ಮಲ್ಲಪ್ಪ ಶಟರಿನ ಕೆಳಗಿನಿಂದ ಎದ್ದು ಒಳಗೆ ಬಂದು ಕಾಲಬುಡದಲ್ಲಿ ಕೂತ. ಕೆಸರು ಮಲಗಿದ ದಿನ ಅವನು ಶೀನಣ್ಣನ ಹತ್ತಿರ, ಕಡೇದು ಯಾವಾಗ್ರಿ ಯಜಮಾನ್ರ ಎಂದು ಕೇಳಿದ. ಮುಂದಿನ ಸೋಮವಾರ ಎಂದರು. ಅಷ್ಟರಲ್ಲಿ ಅವನ ಮೇಸ್ತ್ರಿ ಆಳುಗಳನ್ನು ಪೆರ್ಡೂರಿನ ಬೇರೊಂದು ಕೆಲಸಕ್ಕೆ ಕಳಿಸಿದ. ಮಲ್ಲಪ್ಪ ಕೊನೆಯ ಅಧ್ಯಾಯ ಕೇಳಲಿಲ್ಲ. ಅವನ ಫೋನ್ ನಂಬರು ತೆಗೆದುಕೊಳ್ಳಬೇಕೆಂದು ನಮಗೆ ಇಬ್ಬರಿಗೂ ಹೊಳೆಯಲಿಲ್ಲ.

ಆಟಿ ಕಳೆಯಿತು. ಮಂಗಳವಾರ ಬೆಳಿಗ್ಗೆ ಆಸ್ಪತ್ರೆಗೆ ಸೇರಬೇಕು. ಸೋಮವಾರ ಮಧ್ಯಾಹ್ನ ಊಟವಾದ ಮೇಲೆ ಕೂತೆವು. ಶೀನಣ್ಣ ಅವತ್ತು ಬನಿಯನ್ನಿನಲ್ಲಿ ಬರಲಿಲ್ಲ. ಇಸ್ತ್ರಿ ಮಾಡಿದ ಪಂಚೆ, ಶಾಲು, ಹಣೆಯಲ್ಲಿ ಗಂಧ. ನಾನು ಹೆಸರಿಲ್ಲದ ಹಿರಿಯ. ಗಾಜಿನ ಮೇಲೆ ನಾಲ್ಕು ಪೆಟ್ಟು ಬಿತ್ತು.

ಆ ವಾದದ ಹೆಚ್ಚಿನ ಭಾಗ ಮುದ್ರಿಕೆಯಲ್ಲಿ ಉಂಟು, ಹಾಗಾಗಿ ಇದು ನೆನಪಲ್ಲ. ಪೂವಕ್ಕ ಹೇಳುತ್ತಾಳೆ: "ನೀನು ಮಲಗಿದ್ದ ಮುನ್ನೂರು ವರ್ಷ ನಿನ್ನ ಮೈಮೇಲೆ ಮಕ್ಕಳು ನಡೆಯಲು ಕಲಿತರು. ಆ ಹೆಜ್ಜೆಯ ಭಾರ ನಿನಗೆ ಹಿತವಾಗಿರಲಿಲ್ಲವೇ?" ನಾನು ಹೇಳುತ್ತೇನೆ, ಭಾರ ಗೊತ್ತಾದದ್ದು ನಾನು ಎಚ್ಚರವಿದ್ದುದರಿಂದ, ನನ್ನ ಸಹನೆಯನ್ನು ನೀವು ನಿದ್ದೆ ಎಂದುಕೊಂಡಿರಿ. ಪೂವಕ್ಕ ಒಂದೊಂದೇ ಮೆಟ್ಟಿಲು ಏರುತ್ತಾಳೆ, ನಾನು ಒಂದೊಂದನ್ನೇ ಕೀಳುತ್ತೇನೆ. ನನಗೆ ಅವತ್ತು ಮಾತು ಚೆನ್ನಾಗಿ ಬರುತ್ತಿತ್ತು. ಇಡೀ ಮಳೆಗಾಲ ಒಬ್ಬ ಒಳ್ಳೆಯ ಅರ್ಥಧಾರಿಯ ಎದುರು ಕೂತು ನಾನು ಪಳಗಿದ್ದೆ. ಇಷ್ಟು ಚೆನ್ನಾಗಿ ಮಾತಾಡಬಲ್ಲೆ ಎಂಬ ಹುರುಪು ನನ್ನ ಸ್ವರದಲ್ಲಿ ಈಗಲೂ ಕೇಳಿಸುತ್ತದೆ, ಕೇಳಿದರೆ ನಾಚಿಕೆಯಾಗುತ್ತದೆ. ಕೊನೆಗೆ ನಾನು ಹೇಳಿದ್ದು ಇದು:

"ಪೂವಕ್ಕ, ನಾಲ್ವರನ್ನು ನಿನ್ನ ಮಾತು ಮಲಗಿಸಿತೆಂದು ನೀನು ತಿಳಿದಿದ್ದೀಯೆ. ಅವರಿಗೆ ನಿದ್ದೆ ಬಂದಿತ್ತು, ಮಲಗಿದರು. ನಾನು ಎದ್ದದ್ದು ನಿಮ್ಮ ತಪ್ಪಿನಿಂದ ಅಲ್ಲ, ನನ್ನ ಹೊತ್ತು ಬಂತು, ಎದ್ದೆ. ಬರುವುದು ಬಂದೇ ಬರುವಾಗ, ಹೇಳು, ನಿನ್ನ ಮಾತಿನಿಂದ ಯಾವತ್ತಾದರೂ ಏನಾದರೂ ನಿಂತದ್ದುಂಟೋ?"

ಅದು ಹಿರಿಯನ ಪ್ರಶ್ನೆ ಆಗಿರಲಿಲ್ಲ, ನನ್ನ ಪಿಎಚ್.ಡಿ.ಯ ಪ್ರಮೇಯ. ಮರುದಿನ ಬೆಳಿಗ್ಗೆ ಸ್ವರ ಕಳೆದುಕೊಳ್ಳಲು ಹೊರಟವರ ಎದುರು ಕೂತು ಅದನ್ನು ಕೇಳಿದೆ. ಮುದ್ರಿಕೆಯಲ್ಲಿ ಇದಾದ ಮೇಲೆ ಎರಡು ನಿಮಿಷ ನಲವತ್ತು ಸೆಕೆಂಡು ಮಳೆ. ಆಮೇಲೆ ನಿಂತುಹೋಗುತ್ತದೆ. ನಿಲ್ಲಿಸಿದ್ದು ನಾನೇ ಇರಬೇಕು, ಫೋನು ನನ್ನದು.

ನನ್ನ ನೆನಪು ಬೇರೆ ಹೇಳುತ್ತದೆ. ಪ್ರಶ್ನೆ ಕೇಳಿ, ಒಂದು ಕ್ಷಣ ಬಿಟ್ಟು, "ಆದರೂ ನಿನ್ನ ಬುಗ್ಗೆಯ ಒಂದು ಬೊಗಸೆ ನೀರು ಕೊಡು, ಕುಡಿದು ಕೇಳುತ್ತೇನೆ" ಎಂದು ನಾನು ಹೇಳಿದೆ. ಅಂದರೆ ದಾರಿ ಬಿಟ್ಟೆ. ಶೀನಣ್ಣ ಅದನ್ನು ಹಿಡಿಯಲಿಲ್ಲ. ಇವತ್ತಿಗೆ ಸಾಕು ಎಂದು ಕೈ ಸನ್ನೆ ಮಾಡಿ ಎದ್ದರು. ತಿಂಗಳುಗಟ್ಟಲೆ ನನಗೆ ಇದು ಕಣ್ಣಿಗೆ ಕಟ್ಟಿದ ಹಾಗೆ ನೆನಪಿತ್ತು. ಟೈಪು ಮಾಡಲೆಂದು ಮುದ್ರಿಕೆ ಹಾಕಿದಾಗ ಆ ನೀರಿನ ಮಾತು ಅಲ್ಲಿ ಇರಲಿಲ್ಲ. ನಿಲ್ಲಿಸಿದ ಮೇಲೆ ಹೇಳಿರಬಹುದು. ಹೇಳದೆಯೂ ಇರಬಹುದು. ಬಸ್ಸಿನಲ್ಲಿ ಮಣಿಪಾಲಕ್ಕೆ ವಾಪಸು ಬರುವಾಗ ಹೊಳೆದಿರಬಹುದು. ಎಷ್ಟು ಸಲ ಯೋಚಿಸಿದರೂ ಕಾಣುವುದು ಗಾಜಿನ ಆಚೆ ತೆರೆದ ಒಂದು ಬಾಯಿ, ಅದರಿಂದ ಮಾತು ಬಾರದಿರುವುದು.

ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು. ಶೀನಣ್ಣ ದೀಪಾವಳಿಯ ಹೊತ್ತಿಗೆ ಅಂಗಡಿ ತೆರೆದರು. ಕುತ್ತಿಗೆಗೆ ಒಂದು ಬಟ್ಟೆ, ಕಿಸೆಯಲ್ಲಿ ಸಣ್ಣ ನೋಟ್‌ಬುಕ್ಕು. ಗಾಜು ಬದಲಿಸಿ ಹುಬ್ಬು ಹಾರಿಸಿದರೆ ಸಾಕು, ಜನ ಸರಿಯೋ ತಪ್ಪೋ ಹೇಳುತ್ತಿದ್ದರು. ಕೃತಕ ಸ್ವರದ ಯಂತ್ರ ತರಿಸಿಕೊಡುತ್ತೇನೆ ಎಂದರೆ ಬೇಡ ಎಂದು ತಲೆಯಾಡಿಸಿದರು. ನಾನು ಹೋದಾಗಲೆಲ್ಲ ಕೊನೆಯ ಅಧ್ಯಾಯ ಬರೆದು ಕೊಡಿ ಎಂದು ಕೇಳುತ್ತಿದ್ದೆ. ಒಂದು ಸಲ ನೋಟ್‌ಬುಕ್ಕಿನಲ್ಲಿ ಬರೆದು ನನ್ನ ಕಡೆ ತಿರುಗಿಸಿದರು. "ನೀನು ಬಾಯಲ್ಲಿ, ನಾನು ಕೈಯಲ್ಲಿ. ಅದು ಸರಿಯಾಗುವುದಿಲ್ಲ." ಹಾಗಾದರೆ ನಾನೂ ಬರೆಯುತ್ತೇನೆ ಎಂದೆ. ನಕ್ಕರು. ಈಗ ಆ ನಗುವಿಗೆ ಸದ್ದೇ ಇರಲಿಲ್ಲ.

ಒಂದೂವರೆ ವರ್ಷದ ಮೇಲೆ ರೋಗ ಶ್ವಾಸಕೋಶದಲ್ಲಿ ಕಾಣಿಸಿಕೊಂಡಿತು. ಆಮೇಲೆ ಬೇಗ ಮುಗಿಯಿತು. ಆಟಿಯ ಆ ಮೂರು ವಾರದಿಂದ ಹೀಗಾಯಿತೇ ಎಂದು ನಾನು ಒಬ್ಬ ಪರಿಚಿತ ವೈದ್ಯರನ್ನು ಕೇಳಿದೆ. ಹಾಗೆ ಹೇಳಲಾಗುವುದಿಲ್ಲ ಎಂದರು. ಅಲ್ಲವೆಂದು ಹೇಳಬಹುದೇ ಎಂದು ಕೇಳಿದೆ. ಹಾಗೂ ಹೇಳಲಾಗುವುದಿಲ್ಲ ಎಂದರು. ನಾನು ಪಿಎಚ್.ಡಿ. ಬಿಟ್ಟೆ. ಟೈಪಾದ ಇನ್ನೂರ ಎಂಬತ್ತು ಪುಟ, ನನ್ನ ಪ್ರಶ್ನೆಯ ಹತ್ತಿರ ನಿಂತದ್ದು, ಐದು ಬಾಡಿಗೆ ಕೋಣೆಗಳಲ್ಲಿ ನನ್ನ ಜೊತೆ ತಿರುಗಿತು.

ಕನ್ನಡಕದ ಅಂಗಡಿಯಿಂದ ಹೊರಗೆ ಬಂದವನು ಕೋಣೆಗೆ ಹೋಗಿ ಆ ಪುಟಗಳನ್ನು ಚೀಲಕ್ಕೆ ಹಾಕಿ ಕಾಪುವಿನ ಬಸ್ಸು ಹತ್ತಿದೆ. ಶೀನಣ್ಣನ ಅಂಗಡಿಯನ್ನು ಈಗ ಮೊಬೈಲು ರಿಪೇರಿಯವರಿಗೆ ಬಾಡಿಗೆಗೆ ಕೊಟ್ಟಿದ್ದಾರೆ. ಪಕ್ಕದ ಓಣಿಯಿಂದ ಹಿಂದಿನ ಮನೆಗೆ ಹೋದೆ. ಸುಮತಕ್ಕ ಕೂದಲು ಪೂರ್ತಿ ಬೆಳ್ಳಗಾಗಿ, ಸ್ವಲ್ಪ ಬಾಗಿದ್ದಾರೆ. ಮೂರು ವರ್ಷದಿಂದ ಬಾರದವನು ಎಂದು ಬೈದರು, ಕಾಲು ತೊಳೆಯಲು ನೀರು ಕೊಟ್ಟರು, ಮದುವೆಯಾಯಿತೋ ಎಂದು ಕೇಳಿ ಉತ್ತರಕ್ಕೆ ಕಾಯದೆ ಒಳಗೆ ಹೋಗಿ ಚಾ ತಂದರು.

ಪುಟಗಳನ್ನು ಚಾಪೆಯ ಮೇಲೆ ಇಟ್ಟೆ. ಪ್ರಿಂಟು ಹಾಕಿಸಬೇಕು ಎಂದು ಅವರಿಗೆ ಮೊದಲಿನಿಂದಲೂ ಆಸೆ. ಯಾಕೆ ಇಷ್ಟು ತಡ ಎಂದು ಕೇಳಿದರು. ಆಗ ನಾನು ಹೇಳಿದೆ, ಏಳು ವರ್ಷದಲ್ಲಿ ಮೊದಲ ಸಲ. ಕೊನೆಯ ದಿನ ದಾರಿ ಬಿಡಲಿಲ್ಲ ಅಥವಾ ಬಿಟ್ಟೆನೋ ಇಲ್ಲವೋ ಗೊತ್ತಿಲ್ಲ, ಪುಸ್ತಕ ನಿಂತದ್ದು ನನ್ನ ಪ್ರಶ್ನೆಯಿಂದ, ಆಟಿಯ ಮಾತು ಬಂದಾಗ ಬಾಯಿ ಮುಚ್ಚಿಕೊಂಡದ್ದೂ ನಾನೇ. ಎಲ್ಲ ಒಟ್ಟಿಗೆ ಹೇಳಿದೆ. ಅವರು ಲೋಟ ಕೆಳಗಿಟ್ಟು ನನ್ನನ್ನೇ ನೋಡಿದರು. ಮಾತಾಡಿದ್ದು ತುಳುವಿನಲ್ಲಿ; ಕನ್ನಡಕ್ಕೆ ತರುವಾಗ ಎಷ್ಟು ಸರಿಯಾಗಿ ತಂದಿದ್ದೇನೋ.

"ನಿಂತದ್ದು ಅಂತ ಯಾರು ಹೇಳಿದ್ದು ನಿನಗೆ? ಅವರು ಮುಗಿಸಿದ್ದಾರೆ."

ಎಲ್ಲಿ ಎಂದು ಕೇಳಿದೆ.

"ಇಲ್ಲೇ. ನೀನು ಬಸ್ಸಿಗೆ ಹೋದ ಮೇಲೆ. ದೀಪ ಹಚ್ಚುವ ಹೊತ್ತು. ಆ ಬಾಗಿಲಿಗೆ ಒರಗಿ ನಿಂತು ಶುರು ಮಾಡಿದರು. ನೀನು ಹೇಳಿದ್ದನ್ನೂ ಅವರೇ ಹೇಳಿದರು, ಆಮೇಲೆ ಆ ಹೆಂಗಸು ಹೇಳಿದ್ದು. ನಿಲ್ಲಿಸಿ, ಉಸಿರು ತೆಗೆದು, ಮತ್ತೆ ಹೇಳುವುದು. ತುಂಬ ಹೊತ್ತು. ಮುಖ ಚಂದ ಆಗಿತ್ತು ಅವರದ್ದು, ದೊಡ್ಡ ಸಭೆಯಿಂದ ಬರುವಾಗ ಇರ್ತಿತ್ತಲ್ಲ, ಹಾಗೆ."

ಪೂವಕ್ಕ ಏನು ಹೇಳಿದಳು ಎಂದು ಕೇಳಿದೆ.

ಸುಮತಕ್ಕ ಪುಟಗಳ ಅಂಚನ್ನು ಸರಿ ಮಾಡಿದರು. ಸರಿಯಾಗಿಯೇ ಇದ್ದವು. "ನಾನು ಚೀಲ ತುಂಬಿಸ್ತಾ ಇದ್ದೆ, ಹರೀಶ. ಬೆಳಿಗ್ಗೆ ಆರು ಗಂಟೆಗೆ ಹೊರಡಬೇಕಿತ್ತು. ಫ್ಲಾಸ್ಕು, ಫೈಲು, ಪಂಚೆ. ಅವರು ಹೇಳ್ತಾ ಇದ್ದರು, ನಾನು ಹೂಂ, ಹೂಂ ಅಂತಿದ್ದೆ. ಮುಗಿದ ಮೇಲೆ, ಹೇಗಾಯ್ತು ಅಂತ ಕೇಳಿದರು. ಚಂದ ಆಯ್ತು ಅಂದೆ. ಆಮೇಲೆ ಗಂಜಿ ಉಂಡು ಮಲಗಿದರು. ಮರುದಿನ ಕೇಳಿದರಾಯ್ತು ಅಂತ ನನಗೆ ಆಗ... ಮರುದಿನ ಇಲ್ಲ ಅಂತ ಗೊತ್ತಿದ್ದೂ ಹಾಗೆ ಎಣಿಸಿದ್ದೆ, ನೋಡು."

ಇದನ್ನು ನನ್ನ ಸಮಾಧಾನಕ್ಕೆ ಹೇಳುತ್ತಿದ್ದಾರೆಯೇ ಎಂಬ ಸಂಶಯ ನನಗೆ ಅಲ್ಲಿ ಕೂತಲ್ಲೇ ಬಂತು. ಅದು ನನ್ನ ಸ್ವಭಾವ. ಆದರೆ ಸಮಾಧಾನ ಹೇಳುವವರು ಎದುರಿನವರ ಮುಖ ನೋಡುತ್ತಾರೆ. ಸುಮತಕ್ಕ ನೋಡುತ್ತಿದ್ದದ್ದು ಬಾಗಿಲನ್ನು. ಅವರು ಇದನ್ನು ಈವರೆಗೆ ಯಾರಿಗೂ ಹೇಳಿರಲಿಲ್ಲ. ಒಂದೂವರೆ ವರ್ಷ ಮಾತಿಲ್ಲದ ಗಂಡನ ಜೊತೆ ಒಂದೇ ಮನೆಯಲ್ಲಿದ್ದು, ಅವತ್ತು ಕೇಳಿಸಿಕೊಂಡಿರಲಿಲ್ಲ, ಈಗ ಬರೆದು ಕೊಡಿ ಎಂದು ಗಂಡನಿಗೂ ಹೇಳಿರಲಿಲ್ಲ. ಹೇಳಿದ್ದರೆ, ಚಂದ ಆಯ್ತು ಅಂದದ್ದು ಸುಳ್ಳು ಎಂದು ಗೊತ್ತಾಗುತ್ತಿತ್ತು.

ಒಂದೇ ಒಂದು ಶಬ್ದವಾದರೂ ನೆನಪುಂಟಾ ಸುಮತಕ್ಕ, ಎಂದು ಕೇಳಿದೆ. ಇಲ್ಲ ಎಂದು ತಲೆಯಾಡಿಸಿದರು. ಕೊನೆಗೆ ಯಾರು ಸೋತದ್ದು, ಅದಾದರೂ ಎಂದು ಕೇಳಿದೆ. ಕೇಳಬಾರದಿತ್ತು.

"ಗೊತ್ತಿಲ್ಲ ಮಾರಾಯ," ಎಂದರು. "ಟವೆಲು ಎರಡು ಸಾಕೋ, ಮೂರು ಬೇಕೋ ಅಂತ ನೋಡ್ತಾ ಇದ್ದೆ."